ಗೋವಾ ವಿಮೋಚನೆ ಕಾಲದ ಅಸಲಿ ಪತ್ರಿಕೆಗಳ ಸಂಗ್ರಹ: ಕಾರವಾರ, ಶಿರಸಿ ಕಡೆಯವರಿಗೆ ಸಮಗ್ರ ಮಾರ್ಗದರ್ಶಿ

ಸ್ವಾತಂತ್ರ್ಯ ಹೋರಾಟದ ಹಳೇ ಪೇಪರ್ ಕೂಡಿಡಬೇಕು ಅಂದ ಕೂಡಲೇ ಎಲ್ಲರ ಕಣ್ಣು 1947ರ ಆಗಸ್ಟ್ 15ರ ಸಂಚಿಕೆಯ ಮೇಲೆ ಬೀಳುತ್ತದೆ. ಆ ದಿನದ ಪತ್ರಿಕೆಯನ್ನು ಜನ ಆಗಲೇ ಜೋಪಾನವಾಗಿ ಎತ್ತಿಟ್ಟಿದ್ದರು. ಆಮೇಲೆ ಅದರ ಮರುಮುದ್ರಣಗಳೂ ಬಂದವು. ಹಾಗಾಗಿ ಅಸಲಿ ದುಬಾರಿ, ನಕಲು ರಾಶಿ ರಾಶಿ. ನಮ್ಮ ಕರಾವಳಿಯವರು ಅದರ ಹಿಂದೆ ಓಡುವುದು ನನಗೆ ಅಷ್ಟು ಸರಿ ಕಾಣುವುದಿಲ್ಲ. ನಮ್ಮ ಕಣ್ಣೆದುರೇ ಇನ್ನೊಂದು ಯುದ್ಧ ನಡೆದಿದೆ ಅಲ್ವಾ?

1961ರ ಡಿಸೆಂಬರ್ 18 ಮತ್ತು 19. ಗೋವಾದಲ್ಲಿ 1510ರಿಂದ ಇದ್ದ ಪೋರ್ಚುಗೀಸ್ ಆಳ್ವಿಕೆ ಆ ಎರಡು ದಿನದಲ್ಲಿ ಮುಗಿಯಿತು. ಕಾರವಾರದ ಬಿಣಗಾ ಎದುರಿಗೆ ಕಾಣುವ ಅಂಜದೀವ್ ದ್ವೀಪದಲ್ಲಿ ಐಎನ್‌ಎಸ್ ತ್ರಿಶೂಲ್ ಮತ್ತು ಐಎನ್‌ಎಸ್ ಮೈಸೂರು ಹಡಗುಗಳ ನಾವಿಕರು ಇಳಿದರು. ಏಳು ಮಂದಿ ಅಲ್ಲೇ ಪ್ರಾಣ ಬಿಟ್ಟರು. ಮಾಜಾಳಿ ಗಡಿಯಿಂದ ಸೇನೆಯ ಸಣ್ಣ ತುಕಡಿಯೊಂದು ಕಾಣಕೋಣದತ್ತ ನುಗ್ಗಿತು. ಆ ದಿನಗಳ ಪತ್ರಿಕೆಗಳು ಇನ್ನೂ ಹಳೇ ಮನೆಗಳ ಅಟ್ಟದಲ್ಲಿ ಸಿಗುತ್ತವೆ. ಕೊಳ್ಳುವವರು ಕಡಿಮೆ, ನಕಲು ಮಾಡುವವರು ಇನ್ನೂ ಕಡಿಮೆ. ಹೊಸದಾಗಿ ಶುರುಮಾಡುವವರಿಗೆ ಇದಕ್ಕಿಂತ ಒಳ್ಳೆ ವಿಷಯ ನನಗಂತೂ ಕಾಣುವುದಿಲ್ಲ.

ಹೆಜ್ಜೆ 1: ಕಥೆಯನ್ನು ಚಿಕ್ಕದು ಮಾಡಿಕೊಳ್ಳಿ

"ಗೋವಾ ವಿಮೋಚನೆ" ಎಂದಷ್ಟೇ ಇಟ್ಟುಕೊಂಡರೆ ಮನೆ ತುಂಬ ರದ್ದಿ ಆಗುತ್ತದೆ. ಒಂದು ಎಳೆ ಹಿಡಿಯಿರಿ. ನಾನು ಹೇಳುವುದು ಅಂಜದೀವ್. 1961ರ ನವೆಂಬರ್‌ನಲ್ಲಿ ಈ ದ್ವೀಪದ ಪೋರ್ಚುಗೀಸ್ ಸೈನಿಕರು ಸಾಬರಮತಿ ಎಂಬ ಹಡಗಿನ ಮೇಲೆ, ಮೀನುಗಾರರ ದೋಣಿಯ ಮೇಲೆ ಗುಂಡು ಹಾರಿಸಿದರು. ಈ ಘಟನೆಗಳ ತಾರೀಖು, ಸತ್ತವರ ವಿವರ ಒಂದೊಂದು ಬರಹದಲ್ಲಿ ಒಂದೊಂದು ಥರ ಇದೆ. ಆ ವಾರಗಳ ಪತ್ರಿಕೆಗಳನ್ನು ಸಾಲಾಗಿ ಇಟ್ಟು ಓದಿದರೆ ಯಾವ ಸುದ್ದಿ ಯಾವತ್ತು ಹೊರಬಿತ್ತು, ಯಾರು ಹೇಳಿದ್ದು, ಮರುದಿನ ಅದು ಹೇಗೆ ತಿದ್ದುಪಡಿ ಆಯಿತು ಎನ್ನುವುದು ಗೊತ್ತಾಗುತ್ತದೆ. ಒಂದೇ ಸಂಚಿಕೆ ಈ ಕೆಲಸ ಮಾಡುವುದಿಲ್ಲ. ಸಾಲು ಬೇಕು.

ಅಂಜದೀವ್ ಬೇಡವಾದರೆ ಬೇರೆ ಎಳೆಗಳೂ ಇವೆ. 1954ರ ಜುಲೈ, ಆಗಸ್ಟ್‌ನಲ್ಲಿ ದಾದ್ರಾ ಮತ್ತು ನಗರ ಹವೇಲಿ ಪೋರ್ಚುಗೀಸರ ಕೈತಪ್ಪಿದ್ದು. 1955ರ ಆಗಸ್ಟ್ 15ರಂದು ಗಡಿ ದಾಟಿದ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿಸಿ 20ಕ್ಕೂ ಹೆಚ್ಚು ಜನರನ್ನು ಕೊಂದದ್ದು. ಅದರ ಬೆನ್ನಿಗೇ ಭಾರತ ಗಡಿ, ರೈಲು, ವ್ಯಾಪಾರ ಬಂದ್ ಮಾಡಿದ್ದು. ಶಿರಸಿ, ದಾಂಡೇಲಿ, ಜೋಯಿಡಾ ಕಡೆಯವರಿಗೆ ಕ್ಯಾಸಲ್ ರಾಕ್ ಹತ್ತಿರ. ಅಲ್ಲಿನ ಕಾಡಿನಿಂದ ವಾಮನ ಸರದೇಸಾಯಿ ಮತ್ತು ಲಿಬಿಯಾ ಲೋಬೊ ಗುಪ್ತ ರೇಡಿಯೊ ನಡೆಸುತ್ತಿದ್ದರು. 1955ರ ನವೆಂಬರ್‌ನಲ್ಲಿ ಶುರುವಾದ ಆ ಪ್ರಸಾರ ವಿಮೋಚನೆವರೆಗೂ ನಡೆಯಿತು. ಆ ಎಳೆ ಹಿಡಿದರೆ ಗಡಿ ಬಂದ್ ಆದಾಗ ಘಟ್ಟದ ಊರುಗಳಲ್ಲಿ ಏನಾಯಿತು ಎನ್ನುವ ಸಣ್ಣ ಸುದ್ದಿಗಳನ್ನು ಹುಡುಕಬೇಕಾಗುತ್ತದೆ.

ಎಲ್ಲಿಗೆ ನಿಲ್ಲಿಸಬೇಕು ಅನ್ನುವುದನ್ನೂ ಮೊದಲೇ ನಿರ್ಧರಿಸಿ. ಡಿಸೆಂಬರ್ 20ಕ್ಕೆ ನಿಲ್ಲಿಸುವವರು ಬಹಳ. ಪೋರ್ಚುಗೀಸ್ ಯುದ್ಧಕೈದಿಗಳು ಊರಿಗೆ ಮರಳಿದ್ದು 1962ರ ಮೇ ತಿಂಗಳಲ್ಲಿ. ಅಲ್ಲಿವರೆಗೂ ಹೋಗಿ. ಗದ್ದಲ ಮುಗಿದ ಮೇಲಿನ ಪುಟಗಳು ಅಗ್ಗ, ಓದಲು ಇನ್ನೂ ಚೆಂದ.

ಹೆಜ್ಜೆ 2: ಯಾವ ಪತ್ರಿಕೆ, ಯಾವ ಆವೃತ್ತಿ

ಇಲ್ಲಿ ನನ್ನದೊಂದು ಹಟ ಇದೆ. ಸಂಗ್ರಹದ ಮೊದಲ ಸಾಲು ಕಾರವಾರದ ಓದುಗನ ಕೈಗೆ ಆವತ್ತು ಬಂದ ಪತ್ರಿಕೆಗಳದ್ದೇ ಆಗಬೇಕು. ಬೊಂಬಾಯಿಯ ದಪ್ಪ ಅಕ್ಷರದ ನಗರ ಆವೃತ್ತಿ ಆಮೇಲೆ.

ಆಗ ಕಾರವಾರಕ್ಕೆ ರೈಲು ಇರಲಿಲ್ಲ. ಕಾಳಿ ನದಿಗೆ ಸೇತುವೆಯೂ ಇರಲಿಲ್ಲ, ಸದಾಶಿವಗಡಕ್ಕೆ ಹೋಗಲು ದೋಣಿ ಹತ್ತಬೇಕಿತ್ತು. ಹುಬ್ಬಳ್ಳಿಯ ಪತ್ರಿಕೆ ಘಟ್ಟ ಇಳಿದು ಬರಬೇಕು. ಬೆಂಗಳೂರಿನದು, ಬೊಂಬಾಯಿಯದು ಇನ್ನೂ ತಡ. ದೂರದ ಊರುಗಳಿಗೆ ಕಳಿಸುವ ಡಾಕ್ ಆವೃತ್ತಿಯನ್ನು ಸಂಜೆಗೇ ಮುಚ್ಚಿ ಮುದ್ರಿಸುತ್ತಿದ್ದರು. ಅದರ ಮೇಲೆ ಮರುದಿನದ ತಾರೀಖು ಹಾಕುವುದೂ ಇತ್ತು. ನಗರ ಆವೃತ್ತಿಗೆ ಮಾತ್ರ ನಡುರಾತ್ರಿಯ ಸುದ್ದಿ ಸಿಗುತ್ತಿತ್ತು.

ಈಗ ಲೆಕ್ಕ ಹಾಕಿ. ಕಾರ್ಯಾಚರಣೆ ಶುರುವಾದದ್ದು 17ರ ಭಾನುವಾರ ರಾತ್ರಿ ಕಳೆದು ಸೋಮವಾರ ನಸುಕಿಗೆ. ಅಂದರೆ 18ರ ತಾರೀಖಿನ ಡಾಕ್ ಆವೃತ್ತಿಯಲ್ಲಿ ಯುದ್ಧದ ಸುದ್ದಿ ಇರಲಾರದು, "ಇವತ್ತೋ ನಾಳೆಯೋ" ಎನ್ನುವ ಕಾತರ ಇರುತ್ತದೆ. ಗವರ್ನರ್ ಜನರಲ್ ವಸ್ಸಾಲೊ ಇ ಸಿಲ್ವಾ ಶರಣಾಗತಿಗೆ ಸಹಿ ಹಾಕಿದ್ದು 19ರ ಮಂಗಳವಾರ ರಾತ್ರಿ. ಆ ಸುದ್ದಿ 20ರ ಬುಧವಾರದ ಪತ್ರಿಕೆಯದ್ದು. ಡಾಕ್ ಆವೃತ್ತಿಯಾದರೆ 21ಕ್ಕೂ ಹೋಗಬಹುದು. ಯಾರಾದರೂ "19ನೇ ತಾರೀಖಿನದು, ಗೋವಾ ಗೆದ್ದ ದಿನದ್ದು" ಎಂದು ಜಾಸ್ತಿ ರೇಟು ಹೇಳಿದರೆ ಒಳಗೆ ಓದಿ ನೋಡಿ. ಅದು ಹಿಂದಿನ ದಿನದ ಸುದ್ದಿ. ಕೆಟ್ಟದ್ದೇನಲ್ಲ, ಆದರೆ ಅವರು ಹೇಳಿದ ಕಾರಣಕ್ಕೆ ಜಾಸ್ತಿ ಕೊಡಬೇಕಿಲ್ಲ.

ಹುಡುಕಬೇಕಾದ ಹೆಸರುಗಳು: ಕನ್ನಡದಲ್ಲಿ ಹುಬ್ಬಳ್ಳಿಯ ಸಂಯುಕ್ತ ಕರ್ನಾಟಕ, ಬೆಂಗಳೂರಿನ ಪ್ರಜಾವಾಣಿ. ವಾರಪತ್ರಿಕೆಯಲ್ಲಿ ಕರ್ಮವೀರ. ಮರಾಠಿಯಲ್ಲಿ ಬೆಳಗಾವಿಯ ತರುಣ ಭಾರತ, ಪುಣೆಯ ಕೇಸರಿ, ಬೊಂಬಾಯಿಯ ಲೋಕಸತ್ತಾ. ಕಾರವಾರದಲ್ಲಿ ಮರಾಠಿ ಓದುವ ಮನೆಗಳು ಬಹಳ ಇದ್ದವು, ಅದಕ್ಕೇ ಇವುಗಳನ್ನು ಬಿಡಬೇಡಿ. ಇಂಗ್ಲಿಷಿನಲ್ಲಿ ಟೈಮ್ಸ್ ಆಫ್ ಇಂಡಿಯಾ, ಇಂಡಿಯನ್ ಎಕ್ಸ್‌ಪ್ರೆಸ್, ಡೆಕ್ಕನ್ ಹೆರಾಲ್ಡ್, ದಿ ಹಿಂದೂ. ಹೋರಾಟಗಾರರದೇ ಪತ್ರಿಕೆ ಬೇಕೆಂದರೆ ಟಿ.ಬಿ. ಕುನ್ಹಾ 1953ರಲ್ಲಿ ಬೊಂಬಾಯಿಯಿಂದ ಶುರುಮಾಡಿದ ಫ್ರೀ ಗೋವಾ. ಸಿಕ್ಕರೆ ಬಿಡಲೇಬೇಡಿ.

ಎದುರಾಳಿಯ ಪತ್ರಿಕೆ ಒಂದಾದರೂ ಇರಲಿ. ಪಣಜಿಯ ಓ ಹೆರಾಲ್ಡೊ 1900ರಿಂದ ಇದೆ. ಲಿಸ್ಬನ್‌ನ ದಿಯಾರಿಯೊ ದೆ ನೊತೀಸಿಯಾಸ್ ಇನ್ನೊಂದು. ಪೋರ್ಚುಗಲ್‌ನ ಸರ್ವಾಧಿಕಾರಿ ಸಲಾಜಾರ್ ತನ್ನ ಸೈನ್ಯಕ್ಕೆ "ಗೆಲ್ಲಿ ಇಲ್ಲವೇ ಸಾಯಿರಿ" ಎಂಬ ಅರ್ಥದ ಆದೇಶ ಕಳಿಸಿದ್ದ. ಅಲ್ಲಿನ ಪತ್ರಿಕೆಗಳು ಸೆನ್ಸಾರ್ ದಾಟಿಯೇ ಹೊರಬರುತ್ತಿದ್ದವು. "ವಿಸಾದೊ ಪೆಲಾ ಕೊಮಿಸಾಂವ್ ದೆ ಸೆನ್ಸೂರಾ" ಎಂಬ ಸಾಲು ಪುಟದಲ್ಲಿ ಎಲ್ಲಾದರೂ ಇದೆಯೇ ನೋಡಿ. ಸೆನ್ಸಾರ್ ಪಾಸ್ ಮಾಡಿದೆ ಎಂದು ಅದರ ಅರ್ಥ. ಅಂಥ ಒಂದು ಪುಟವನ್ನು ನಮ್ಮ ಕನ್ನಡ ಪತ್ರಿಕೆಯ ಪಕ್ಕ ಇಟ್ಟರೆ ಎರಡೂ ಬೇರೆ ಬೇರೆ ಯುದ್ಧದ ವರದಿ ಎನಿಸುತ್ತದೆ.

ಹೆಜ್ಜೆ 3: ಹುಡುಕುವ ಮೊದಲು ಲೈಬ್ರರಿ

ಏನು ಕೊಳ್ಳಬೇಕು ಎಂದು ಗೊತ್ತಾಗಲು ಮೊದಲು ಓದಬೇಕು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಗ್ರಂಥಾಲಯ, ಬೆಂಗಳೂರು ಕಬ್ಬನ್ ಪಾರ್ಕಿನ ರಾಜ್ಯ ಕೇಂದ್ರ ಗ್ರಂಥಾಲಯ, ಪಣಜಿ ಪಾಟೊದ ಕೃಷ್ಣದಾಸ ಶಾಮಾ ಗ್ರಂಥಾಲಯ. ಕಾರವಾರದವರಿಗೆ ಪಣಜಿಯೇ ಹತ್ತಿರ, ಪೋರ್ಚುಗೀಸ್ ಕಾಲದ ಪತ್ರಿಕೆಗೂ ಅದೇ ಸರಿ. ಹೋಗುವ ಮುಂಚೆ ಫೋನ್ ಮಾಡಿ, ಹಳೇ ಸಂಪುಟ ಕೊಡಲು ಅನುಮತಿ ಪತ್ರ ಬೇಕೇ ಕೇಳಿ. ತಾರೀಖು, ತಲೆಬರಹ, ಪುಟಗಳ ಸಂಖ್ಯೆ ಬರೆದುಕೊಳ್ಳಿ. ಪುಟಗಳ ಸಂಖ್ಯೆ ಮರೆಯಬೇಡಿ, ಮುಂದೆ ಅಂಗಡಿಯಲ್ಲಿ ಒಳಹಾಳೆ ಕಾಣೆಯಾಗಿದೆಯೇ ಎಂದು ಹೇಳುವುದು ಅದೊಂದೇ.

ಹೆಜ್ಜೆ 4: ಎಲ್ಲಿ ಹುಡುಕುವುದು

ಆನ್‌ಲೈನ್ ಹರಾಜು ಕೊನೆಗೆ ಇರಲಿ. ಮೊದಲು ಊರು.

ಹಳೇ ಮನೆ ಕೆಡವುವ ಸುದ್ದಿ ಕಿವಿಗೆ ಬಿದ್ದರೆ ಹೋಗಿ ಮಾತಾಡಿಸಿ. ಕೇಳುವಾಗ "ಹಳೇ ಪೇಪರ್ ಇದೆಯೇ" ಎಂದರೆ "ಎಲ್ಲ ರದ್ದಿಗೆ ಹೋಯ್ತು" ಎನ್ನುತ್ತಾರೆ. "ಟ್ರಂಕಿನ ತಳಕ್ಕೆ ಏನು ಹಾಸಿದ್ದೀರಿ" ಎಂದು ಕೇಳಿ. ಪತ್ರಿಕೆ ಉಳಿಯುವುದು ಇಂಥ ಕಡೆಗೇ: ಟ್ರಂಕಿನ ತಳ, ಕಪಾಟಿನ ಹಲಗೆ, ದೇವರ ಪಟದ ಹಿಂಬದಿ, ಮದುವೆ ಫೋಟೋದ ಕಟ್ಟು, ಹಿತ್ತಾಳೆ ಪಾತ್ರೆ ಸುತ್ತಿದ್ದು. ಪಟದ ಹಿಂದೆ ಅಂಟಿಸಿದ್ದನ್ನು ಕೀಳಲು ಹೋಗಬೇಡಿ. ಪಟದ ಸಮೇತ ಫೋಟೋ ತೆಗೆದುಕೊಂಡು ಬಿಟ್ಟುಬಿಡಿ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ಮನೆಗಳ ಅಟ್ಟ ಬೇರೆಯೇ ಲೋಕ. ಒಲೆಯ ಹೊಗೆ ತಾಗುವ ಅಟ್ಟದಲ್ಲಿ ಪತ್ರಿಕೆ ಕಂದು ಬಣ್ಣಕ್ಕೆ ತಿರುಗಿರುತ್ತದೆ, ಹುಳದ ಕಾಟ ಮಾತ್ರ ಕಡಿಮೆ. ಕರಾವಳಿಯ ಮನೆಯಲ್ಲಿ ಇದರ ತಿರುಗುಮುರುಗು: ಹೊಗೆಯ ಕಂದು ಇರುವುದಿಲ್ಲ, ವರಲೆ ತಿಂದಿರುತ್ತದೆ.

ಚಂದಾದಾರರಿಗೆ ಅಂಚೆಯಲ್ಲಿ ಬಂದ ಪತ್ರಿಕೆಗೆ ವಿಳಾಸದ ಕಾಗದದ ಪಟ್ಟಿ ಸುತ್ತಿರುತ್ತದೆ. ಅದನ್ನು ಕಸಕ್ಕೆ ಹಾಕುವುದು ದೊಡ್ಡ ತಪ್ಪು. ಅಂಚೆ ಮುದ್ರೆ ಇದ್ದರೆ ಪತ್ರಿಕೆ ಕಾರವಾರಕ್ಕೆ ಯಾವತ್ತು ಬಂತು ಎನ್ನುವುದಕ್ಕೆ ಅದೇ ಸಾಕ್ಷಿ. ನಮ್ಮ ಸಂಗ್ರಹದ ಜೀವಾಳವೇ ಅದು. ಫೋಟೋ ಹಂಚಿಕೊಳ್ಳುವಾಗ ಮಾತ್ರ ಹೆಸರು, ವಿಳಾಸ ಮುಚ್ಚಿ.

ಗುಜರಿ ಅಂಗಡಿಯವರ ಜೊತೆ ಸ್ನೇಹ ಬೆಳೆಸಿ. ಕಿಲೋ ಲೆಕ್ಕದಲ್ಲಿ ಬಂದದ್ದನ್ನು ಅವರು ಎರಡು ದಿನ ತಡೆದು ಇಟ್ಟರೆ ಸಾಕು. ದೂರ ಹೋಗುವುದಾದರೆ ಶುಕ್ರವಾರದ ಮಾಪ್ಸಾ ಸಂತೆ, ಮುಂಬೈನ ಚೋರ್ ಬಜಾರ್. ಲಿಸ್ಬನ್ ಪತ್ರಿಕೆಗೆ ಮಾತ್ರ ಆನ್‌ಲೈನ್ ಬಿಟ್ಟರೆ ಗತಿಯಿಲ್ಲ. ಅಲ್ಲಿ ಪತ್ರಿಕೆಗಿಂತ ಅಂಚೆ ಖರ್ಚೇ ಜಾಸ್ತಿ ಆಗಬಹುದು, ಅದನ್ನು ಮೊದಲೇ ಕೇಳಿ.

ಗ್ರಂಥಾಲಯದ ಮುದ್ರೆ ಇರುವ ಪ್ರತಿ ಕಂಡರೆ ಪಕ್ಕದಲ್ಲಿ "ರದ್ದು" ಮುದ್ರೆ ಇದೆಯೇ ನೋಡಿ. ಇಲ್ಲದಿದ್ದರೆ ಕೈಬಿಡಿ. ಕದ್ದ ಮಾಲು ಎಷ್ಟೇ ಚೆನ್ನಾಗಿದ್ದರೂ ಬೇಡ.

ಹೆಜ್ಜೆ 5: ಅಸಲಿಯೋ ನಕಲಿಯೋ

ಒಂದು ಭೂತಕನ್ನಡಿ, ಒಂದು ಯುವಿ (ನೇರಳಾತೀತ ಬೆಳಕಿನ) ಟಾರ್ಚ್ ಜೇಬಿನಲ್ಲಿರಲಿ. ಎರಡೂ ಸೇರಿ ಕೆಲವು ನೂರು ರೂಪಾಯಿಯೊಳಗೆ ಆಗುತ್ತದೆ. ಆದರೆ ಅರ್ಧ ಪರೀಕ್ಷೆ ಯಾವ ಉಪಕರಣವೂ ಇಲ್ಲದೆ, ಬರೀ ಓದಿನಿಂದಲೇ ಮುಗಿಯುತ್ತದೆ.

ಬೆಲೆಯಿಂದ ಶುರುಮಾಡಿ. 1957ರ ಏಪ್ರಿಲ್ 1ರಿಂದ 1964ರ ಜೂನ್ 1ರವರೆಗೆ ನಮ್ಮಲ್ಲಿ ಇದ್ದದ್ದು "ನಯೇ ಪೈಸೆ". 1961ರ ಪತ್ರಿಕೆಯ ಬೆಲೆ ನ.ಪೈ. ಲೆಕ್ಕದಲ್ಲಿರಬೇಕು. ಆಣೆ ಇದ್ದರೂ ಅನುಮಾನ, ಬರೀ "ಪೈಸೆ" ಇದ್ದರೂ ಅನುಮಾನ. 1954, 55ರದ್ದಾದರೆ ಆಣೆಯೇ ಸರಿ.

ಆಮೇಲೆ ರಾಜ್ಯದ ಹೆಸರು. 1956ರ ನವೆಂಬರ್ 1ರವರೆಗೆ ಕಾರವಾರ ಬೊಂಬಾಯಿ ರಾಜ್ಯದಲ್ಲಿತ್ತು. ಆಮೇಲೆ ಮೈಸೂರು ರಾಜ್ಯ. ಕರ್ನಾಟಕ ಎಂಬ ಹೆಸರು ಬಂದದ್ದು 1973ರಲ್ಲಿ. 1961ರ ಸುದ್ದಿಯಲ್ಲಿ "ಕರ್ನಾಟಕ ಸರ್ಕಾರ" ಎಂದಿದ್ದರೆ ಪತ್ರಿಕೆ ಮಡಚಿ ವಾಪಸ್ ಕೊಡಿ. ಜಾಹೀರಾತುಗಳ ವಿಳಾಸದಲ್ಲಿ ಪಿನ್‌ಕೋಡ್ ಇರಬಾರದು, ಅದು 1972ರಲ್ಲಿ ಬಂದದ್ದು. ಫೋನ್ ನಂಬರುಗಳು ಚಿಕ್ಕವಿರಬೇಕು.

ಪತ್ರಿಕೆಯ ಹೆಸರನ್ನೂ ನೋಡಿ. ಕನ್ನಡಪ್ರಭ 1967ರದ್ದು, ಉದಯವಾಣಿ 1970ರದ್ದು, ಸುಧಾ ವಾರಪತ್ರಿಕೆ 1965ರದ್ದು, ಮಹಾರಾಷ್ಟ್ರ ಟೈಮ್ಸ್ 1962ರದ್ದು. ಇವುಗಳಲ್ಲಿ ಗೋವಾ ವಿಜಯದ ದಿನದ "ಅಸಲಿ ಸಂಚಿಕೆ" ಯಾರಾದರೂ ತೋರಿಸಿದರೆ ನಗು ತಡೆದುಕೊಳ್ಳಿ. ಓ ಹೆರಾಲ್ಡೊ 1983ರವರೆಗೆ ಪೋರ್ಚುಗೀಸ್ ಭಾಷೆಯಲ್ಲಿತ್ತು. 1961ರ ಇಂಗ್ಲಿಷ್ ಹೆರಾಲ್ಡೊ ಎನ್ನುವುದೇ ಇಲ್ಲ. ದಿ ಹಿಂದೂ ವಿಷಯದಲ್ಲಿ ಇನ್ನೊಂದು ಸೂಕ್ಷ್ಮ ಇದೆ. 1958ರ ಜನವರಿಗೆ ಮುಂಚೆ ಅದರ ಮುಖಪುಟದಲ್ಲಿ ಸಾಮಾನ್ಯವಾಗಿ ಬರೀ ಜಾಹೀರಾತು. 1955ರ ಸಂಚಿಕೆಯ ಮುಖಪುಟ ಜಾಹೀರಾತಿನಿಂದ ತುಂಬಿದ್ದರೆ ಗಾಬರಿ ಬೇಡ, ಸುದ್ದಿ ಒಳಗಿದೆ.

ಕೊನೆಯ ಪುಟದ ತಳ ನೋಡಿ. 1867ರ ಕಾಯ್ದೆಯ ಕಾಲದಿಂದಲೂ ಮುದ್ರಕ, ಪ್ರಕಾಶಕ, ಮುದ್ರಣವಾದ ಸ್ಥಳ ಅಚ್ಚಾಗಲೇಬೇಕಿತ್ತು. ಆ ಸಾಲು ಇಲ್ಲದ, ಬರೀ ಮುಖಪುಟದ ಒಂಟಿ ಹಾಳೆ ಎಂದರೆ ಹೆಚ್ಚಿನ ಸಲ ಸ್ಮರಣಸಂಚಿಕೆಯ ಮರುಮುದ್ರಣ.

ಈಗ ಭೂತಕನ್ನಡಿ ತೆಗೆಯಿರಿ. ಆಗಿನ ಮುದ್ರಣ ಸೀಸದ ಅಚ್ಚುಮೊಳೆಯದು. ಅಕ್ಷರ ಕಾಗದವನ್ನು ಒತ್ತಿರುತ್ತದೆ, ಅಂಚಿನಲ್ಲಿ ಮಸಿ ಹಿಂಡಿದಂತೆ ದಟ್ಟವಾಗಿರುತ್ತದೆ. ಹಾಳೆಯನ್ನು ಓರೆ ಬೆಳಕಿಗೆ ಹಿಡಿದು ಹಿಂಬದಿ ಸವರಿದರೆ ಕೆಲವೊಮ್ಮೆ ಬೆರಳಿಗೇ ತಿಳಿಯುತ್ತದೆ. ಕನ್ನಡ ಮೊಳೆಗಳಲ್ಲಿ ಒತ್ತಕ್ಷರ ಸವೆದಿರುವುದು, ಒಂದು ಕೊಂಬು ಮುರಿದಿರುವುದು, ಸಾಲಿನಲ್ಲಿ ಒಂದಕ್ಷರ ಮೇಲೆ ಎದ್ದಿರುವುದು ಸಾಮಾನ್ಯ. ಆಫ್‌ಸೆಟ್ ಮರುಮುದ್ರಣದಲ್ಲಿ ಎಲ್ಲ ಸಪಾಟು. ಫೋಟೋ ತೆಗೆದು ಅಚ್ಚು ಹಾಕಿದ್ದಾದರೆ ಅಕ್ಷರದೊಳಗೂ ಚುಕ್ಕಿ ಕಾಣಬಹುದು. ಮಡಿಕೆಯ ಗೆರೆ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುವುದಿಲ್ಲ ಎಂದಾದರೆ ಅದು ಅಚ್ಚಾದ ಮಡಿಕೆ! ಕಂಪ್ಯೂಟರಿನ ನುಡಿ, ಬರಹ ಫಾಂಟಿನ ಅಕ್ಷರ ಕಂಡರಂತೂ ಮಾತೇ ಬೇಡ.

ಯುವಿ ಟಾರ್ಚಿನಲ್ಲಿ ಹಳೇ ನ್ಯೂಸ್‌ಪ್ರಿಂಟ್ ಮಂಕಾಗಿ ಕಾಣುತ್ತದೆ. ನೀಲಿ ಬಿಳುಪಾಗಿ ಹೊಳೆದರೆ ಅದು ಬಿಳುಪಿನ ರಾಸಾಯನಿಕ ಸೇರಿದ ಕಾಗದ. ಚಹಾ ನೀರಲ್ಲಿ ಅದ್ದಿ ಹಳೆಯದು ಮಾಡಿದ ಹಾಳೆ ಎಲ್ಲ ಕಡೆ ಒಂದೇ ಸಮ ಕಂದಾಗಿರುತ್ತದೆ. ನಿಜವಾಗಿ ಹಳತಾದದ್ದು ಅಂಚಿನಿಂದ, ಮಡಿಕೆಯಿಂದ ಒಳಗೆ ಕಂದಾಗುತ್ತಾ ಹೋಗುತ್ತದೆ.

ಹೆಜ್ಜೆ 6: ರೇಟು

ಇದಕ್ಕೆ ಪಟ್ಟಿ ಎಂಬುದಿಲ್ಲ. ಎಲ್ಲ ಪುಟ ಇದೆಯೇ, ಕತ್ತರಿಸಿದ ಜಾಗ ಇದೆಯೇ, ಮಡಿಕೆಯಲ್ಲಿ ಹರಿದಿದೆಯೇ, ಸೆಲ್ಲೋಟೇಪ್ ಬಿದ್ದಿದೆಯೇ ಎಂದು ನೋಡಿ ಮಾತಾಡಿ. ಟೇಪ್ ಅಂಟಿಸಿದ್ದಕ್ಕಿಂತ ಹರಿದದ್ದೇ ವಾಸಿ. ಒಂದು ಮುಖಪುಟಕ್ಕೆ ಸುರಿಯುವ ದುಡ್ಡಿನಲ್ಲಿ ಒಂದು ವಾರದ ಸಾಲು ಬರುವಂತಿದ್ದರೆ ಸಾಲನ್ನೇ ಕೊಳ್ಳಿ.

ಹೆಜ್ಜೆ 7: ಮನೆಗೆ ತಂದ ದಿನ

ಹೊಸದಾಗಿ ಬಂದದ್ದನ್ನು ಹಳೇ ಸಂಗ್ರಹದ ಜೊತೆ ಕೂಡಲೇ ಇಡಬೇಡಿ. ಒಣ ಮೆತ್ತನೆ ಬ್ರಶ್ಶಿನಿಂದ ಧೂಳು ತೆಗೆಯಿರಿ, ಬೂಷ್ಟು ಇದ್ದರೆ ಮಾಸ್ಕ್ ಹಾಕಿ, ಮನೆಯ ಹೊರಗೆ ಮಾಡಿ. ಹುಳದ ಅನುಮಾನ ಇದ್ದರೆ ಪಾಲಿಥೀನ್ ಚೀಲದಲ್ಲಿ ಗಾಳಿಯಾಡದಂತೆ ಮುಚ್ಚಿ, ಮೈನಸ್ 18 ಡಿಗ್ರಿ ಅಥವಾ ಅದಕ್ಕಿಂತ ತಣ್ಣಗಿರುವ ಡೀಪ್ ಫ್ರೀಜರ್‌ನಲ್ಲಿ ಎರಡು ವಾರ ಇಡಿ. ಹೊರಗೆ ತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ. ಅವಸರ ಮಾಡಿದರೆ ಕಾಗದದ ಮೇಲೆ ನೀರು ಕೂರುತ್ತದೆ. ಐಸ್‌ಕ್ರೀಮ್ ಫ್ರೀಜರ್ ಇರುವ ಅಂಗಡಿಯವರ ಸ್ನೇಹ ಇಲ್ಲಿ ಉಪಯೋಗಕ್ಕೆ ಬರುತ್ತದೆ, ಏನು ಇಡುತ್ತಿದ್ದೀರಿ ಎಂದು ಮಾತ್ರ ಮೊದಲೇ ಹೇಳಿಬಿಡಿ.

ನ್ಯೂಸ್‌ಪ್ರಿಂಟ್ ಮಾಡುವುದು ಮರದ ತಿರುಳಿನಿಂದ. ಅದರಲ್ಲಿನ ಲಿಗ್ನಿನ್ ಬೆಳಕು, ಗಾಳಿ ತಾಗಿ ಕಂದಾಗುತ್ತದೆ, ಕಾಗದದ ಆಮ್ಲ ಎಳೆಗಳನ್ನೇ ಕಡಿಯುತ್ತದೆ. ಹಪ್ಪಳದಂತೆ ಮುರಿಯುವುದು ಅದಕ್ಕೇ. ಮಡಿಕೆ ಬಿಡಿಸುವಾಗ ಬಲ ಹಾಕಬೇಡಿ, ಒಂದು ದಪ್ಪ ಹಾಳೆಯನ್ನು ಕೆಳಗೆ ತೂರಿಸಿ ಅದರ ಸಮೇತ ಎತ್ತಿ. ಲ್ಯಾಮಿನೇಷನ್ ಬೇಡವೇ ಬೇಡ. ಫೆವಿಕಾಲ್, ಟೇಪ್ ಬೇಡ. ಹರಿದದ್ದನ್ನು ಸರಿಮಾಡಲೇಬೇಕಿದ್ದರೆ ತೆಳು ಜಪಾನಿ ಟಿಶ್ಯೂ ಮತ್ತು ಗೋಧಿ ಗಂಜಿಯ ಅಂಟು. ಸೋಡಾ ನೀರಿಗೆ ಔಷಧಿ ಬೆರೆಸಿ ಆಮ್ಲ ತೆಗೆಯುವ ಮನೆಮದ್ದು ಓಡಾಡುತ್ತಿದೆ, ಒಳ್ಳೆ ಪ್ರತಿಯ ಮೇಲೆ ಅದನ್ನು ಮಾಡಬೇಡಿ.

ಹೆಜ್ಜೆ 8: ನಮ್ಮ ಮಳೆಗಾಲ

ದೆಹಲಿಯವರಿಗೆ ಬರೆದ ಸಲಹೆ ನಮಗೆ ನಡೆಯುವುದಿಲ್ಲ. ಕಾಗದಕ್ಕೆ ಒಳ್ಳೆಯದು ಶೇಕಡ 40ರಿಂದ 50 ತೇವ. ಜೂನ್‌ನಿಂದ ಸೆಪ್ಟೆಂಬರ್ ಕಾರವಾರದಲ್ಲಿ 80 ದಾಟುವುದು ಮಾಮೂಲು. ಗೋಡೆಗೆ ತಾಗಿದ ಕಬ್ಬಿಣದ ಬೀರು ಬೇಡ, ಗೋಡೆಯ ಶೀತ ನೇರ ಒಳಗೆ ಇಳಿಯುತ್ತದೆ. ನೆಲದಿಂದ ಒಂದಡಿ ಮೇಲೆ, ಗೋಡೆಯಿಂದ ನಾಲ್ಕು ಬೆರಳು ದೂರ ಇಡಿ.

ಆಮ್ಲವಿಲ್ಲದ ಬೋರ್ಡಿನ ಮೇಲೆ ಪೂರ್ತಿ ಬಿಡಿಸಿದ ಪತ್ರಿಕೆ, ಅದನ್ನು ಪಾಲಿಯೆಸ್ಟರ್ ಕವರಿನಲ್ಲಿ ಹಾಕಿ ಚಪ್ಪಟೆ ಇಡುವುದು ಸರಿಯಾದ ಕ್ರಮ. ಪಿವಿಸಿ ಕವರ್ ಅಂಟಿಕೊಳ್ಳುತ್ತದೆ, ಬೇಡ. ಕವರಿನ ಒಂದು ಬದಿ ತೆರೆದಿರಲಿ. ದೊಡ್ಡ ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಮತ್ತು ತೇವ ಅಳೆಯುವ ಸಣ್ಣ ಮೀಟರ್ ಇಡಿ. ಜೆಲ್ಲಿನ ಬಣ್ಣ ತಿರುಗಿದಾಗ ಬಿಸಿಮಾಡಿ ಮತ್ತೆ ಬಳಸಬಹುದು. ಬೇವಿನೆಲೆ, ಬಜೆ ಇಡುವ ನಮ್ಮ ಹಳೇ ಪದ್ಧತಿ ಒಳ್ಳೆಯದೇ, ಆದರೆ ಬಟ್ಟೆ ಚೀಲದಲ್ಲಿ ಕಟ್ಟಿ ಪೆಟ್ಟಿಗೆಯ ಮೂಲೆಗಿಡಿ. ಎಲೆ ನೇರವಾಗಿ ಕಾಗದಕ್ಕೆ ತಾಗಿದರೆ ಕಲೆ ಉಳಿಯುತ್ತದೆ. ಜಡಿಮಳೆಯ ದಿನ ಪೆಟ್ಟಿಗೆ ತೆರೆಯುವುದೇ ಬೇಡ. ನೋಡಬೇಕೆನಿಸಿದರೆ ಫೋಟೋ ನೋಡಿ. ದೀಪಾವಳಿ ಕಳೆದ ಮೇಲೆ ಒಂದು ಒಣ ದಿನ ಎಲ್ಲವನ್ನೂ ನೆರಳಲ್ಲಿ ಹರಡಿ, ಬಿಸಿಲಿಗೆ ಮಾತ್ರ ಬೇಡ.

ಹೆಜ್ಜೆ 9: ಫೋಟೋ, ದಾಖಲೆ

ಪತ್ರಿಕೆಯ ಅಗಲ ಮನೆಯ ಸ್ಕ್ಯಾನರಿಗೆ ಹಿಡಿಸುವುದಿಲ್ಲ. ನೆಲದ ಮೇಲೆ ಹಾಸಿ, ಮೇಲಿನಿಂದ ನೇರವಾಗಿ ಕ್ಯಾಮೆರಾ ಹಿಡಿದು, ಫ್ಲ್ಯಾಶ್ ಇಲ್ಲದೆ, ಒಂದು ಪುಟವನ್ನು ಎರಡು ಭಾಗವಾಗಿ ತೆಗೆಯಿರಿ. ಮಧ್ಯ ಸ್ವಲ್ಪ ಒಂದರ ಮೇಲೊಂದು ಬರಲಿ. ಫೈಲಿನ ಹೆಸರು ವರ್ಷದಿಂದ ಶುರುವಾಗಲಿ: 1961-12-20-ಸಂಯುಕ್ತಕರ್ನಾಟಕ-ಪುಟ1. ಆಗ ಎಲ್ಲ ತನ್ನಿಂತಾನೆ ತಾರೀಖಿನ ಸಾಲಿನಲ್ಲಿ ನಿಲ್ಲುತ್ತವೆ.

ಒಂದು ನೋಟ್‌ಬುಕ್ಕಿನಲ್ಲಿ ಯಾವ ಊರಿನ ಯಾವ ಥರದ ಮನೆಯಲ್ಲಿ ಸಿಕ್ಕಿತು, ಎಲ್ಲಿ ಮಡಚಿಟ್ಟಿದ್ದರು, ಆವೃತ್ತಿ ಯಾವುದು, ಅಂಚೆ ಮುದ್ರೆ ಇದೆಯೇ ಎಂದು ಬರೆಯಿರಿ. ಕೊಟ್ಟವರು ಹಿರಿಯರಾಗಿದ್ದರೆ ಆ ದಿನಗಳ ಬಗ್ಗೆ ಎರಡು ಮಾತು ಕೇಳಿ, ಅವರ ಒಪ್ಪಿಗೆ ಇದ್ದರೆ ರೆಕಾರ್ಡ್ ಮಾಡಿ. ಅಂಜದೀವ್ ಈಗ ಕದಂಬ ನೌಕಾನೆಲೆಯ ಆವರಣಕ್ಕೆ ಸೇರಿದೆ, ಸುಮ್ನೆ ಹೋಗಿ ನೋಡಿ ಬರುವ ಜಾಗ ಅಲ್ಲ. ಹಾಗಾಗಿ ನೆನಪು ಇದ್ದವರ ಮಾತಿಗೆ ಬೆಲೆ ಜಾಸ್ತಿ.

ಹೆಜ್ಜೆ 10: ಕಾನೂನು

ಎರಡೇ ವಿಷಯ. 1972ರ ಪುರಾತನ ವಸ್ತುಗಳ ಕಾಯ್ದೆಯಲ್ಲಿ ಐತಿಹಾಸಿಕ ಮಹತ್ವದ ದಾಖಲೆಗೆ 75 ವರ್ಷದ ಗಡಿ ಇದೆ. ಅದನ್ನು ದಾಟಿದ್ದನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ. 1947ರ ಪತ್ರಿಕೆ ಈಗಾಗಲೇ ಆ ವಯಸ್ಸು ದಾಟಿದೆ, 1954ರದ್ದು 2029ಕ್ಕೆ, 1961ರದ್ದು 2036ಕ್ಕೆ ದಾಟುತ್ತದೆ. ವಿದೇಶದ ಸಂಗ್ರಾಹಕರ ಜೊತೆ ಅದಲುಬದಲು ಮಾಡುವವರು ಇದನ್ನು ತಲೆಯಲ್ಲಿಟ್ಟುಕೊಳ್ಳಿ. ಎರಡನೆಯದು ಹಕ್ಕುಸ್ವಾಮ್ಯ. ಹೆಸರಿಲ್ಲದೆ ಅಚ್ಚಾದ ಬರಹಕ್ಕೆ ಪ್ರಕಟಣೆಯ ನಂತರ 60 ವರ್ಷ, ಹೆಸರಿದ್ದರೆ ಲೇಖಕರು ತೀರಿಕೊಂಡ ಮೇಲೆ 60 ವರ್ಷ. 1961ರ ಹೆಸರಿಲ್ಲದ ವರದಿಯನ್ನು ಪೂರ್ತಿ ಹಂಚಿಕೊಳ್ಳಲು ಅಡ್ಡಿಯಿಲ್ಲ. ಹೆಸರಿರುವ ಅಂಕಣವಾದರೆ ಬರೆದವರು ಯಾವ ವರ್ಷ ತೀರಿಕೊಂಡರು ಎಂದು ನೋಡಿಕೊಂಡೇ ಹಾಕಿ.